ಮುಂದಿನ ತಿಂಗಳಿಗೆ ಯಾವ ಪುಸ್ತಕ?

ಊರೂರಿನ ಓದುಗರ ಬಳಗಗಳು ಪುಸ್ತಕ ಆರಿಸುವ ಬಗೆ, ಓದಿನ ಸವಾಲು ಹಾಕಿಕೊಳ್ಳುವ ಕ್ರಮ

ಓದುಗರ ಬಳಗ ಕಟ್ಟುವುದು ಕಷ್ಟವಲ್ಲ. ಗ್ರಂಥಾಲಯದ ಒಂದು ಕೋಣೆಯೋ, ಭಾನುವಾರ ಖಾಲಿಯಿರುವ ಶಾಲೆಯ ಕೊಠಡಿಯೋ, ಯಾರದಾದರೂ ಮನೆಯ ಪಡಸಾಲೆಯೋ ಇದ್ದರೆ ಸಾಕು. ಓದುವ ಹಂಬಲವಿರುವ ಹತ್ತು ಹನ್ನೆರಡು ಜನ ಎಂಥ ಸಣ್ಣ ಊರಿನಲ್ಲೂ ಸಿಗುತ್ತಾರೆ: ನಿವೃತ್ತ ಮೇಷ್ಟ್ರು, ಬ್ಯಾಂಕಿನ ಉದ್ಯೋಗಿ, ಅಂಗನವಾಡಿ ಕಾರ್ಯಕರ್ತೆ, ಬಿ.ಎ. ಓದುವ ಹುಡುಗಿ, ಮೆಡಿಕಲ್ ಶಾಪಿನವರು. ಆರು ತಿಂಗಳಾದ ಮೇಲೂ ಅವರೆಲ್ಲ ಬರುತ್ತಿರುತ್ತಾರೆಯೇ ಎಂಬುದು ಮಾತ್ರ ಪ್ರತಿ ಸಭೆಯ ಕೊನೆಗೆ ಏಳುವ ಒಂದು ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ನಿಂತಿದೆ. ಮುಂದಿನ ತಿಂಗಳಿಗೆ ಯಾವ ಪುಸ್ತಕ?

ಬಳಗದ ಜೀವ ಇರುವುದು ಅದರ ಪುಸ್ತಕಪಟ್ಟಿಯಲ್ಲಿ. ಆ ಪಟ್ಟಿ ಮಾಡುವುದು ಒಂದು ಕಸುಬು. ಕಲಿತರೆ ಬರುತ್ತದೆ, ಮಾಡುತ್ತ ಮಾಡುತ್ತ ಹದವಾಗುತ್ತದೆ.

ಕೂಡಿ ಓದುವ ರೂಢಿ

ಒಟ್ಟಿಗೆ ಕೂತು ಓದುವುದು ಕನ್ನಡ ನಾಡಿಗೆ ಹೊಸದಲ್ಲ. ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ಒಬ್ಬರು ವಾಚನ ಮಾಡುವುದು, ಇನ್ನೊಬ್ಬರು ವ್ಯಾಖ್ಯಾನ ಹೇಳುವುದು, ಊರವರು ಕೂತು ಕೇಳುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಅಕ್ಷರ ಬಾರದವರೂ ಕಾವ್ಯದ ಒಳಹೊರಗು ಬಲ್ಲವರಾಗಿದ್ದುದು ಹೀಗೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿ, ಮತ್ತೂರುಗಳಲ್ಲಿ ಗಮಕ ಇಂದಿಗೂ ಉಸಿರಾಡುತ್ತಿದೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಓದುಗರಿಗಾಗಿ ಪುಸ್ತಕ ಆರಿಸುವ ಕೆಲಸಕ್ಕೂ ನಮ್ಮಲ್ಲೊಂದು ದೊಡ್ಡ ಮಾದರಿ ಇದೆ. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ನಡೆದದ್ದು ಚಂದಾದಾರರ ಬಲದಿಂದ. ವರ್ಷದ ಚಂದಾ ಕಟ್ಟಿದವರ ಮನೆಗೆ ಮಾಲೆಯ ಪುಸ್ತಕಗಳು ಬರುತ್ತಿದ್ದವು. ಯಾವ ಲೇಖಕ, ಎಂಥ ಪುಸ್ತಕ ಎಂದು ಮೊದಲೇ ಕೇಳುವ ಪ್ರಮೇಯವಿರಲಿಲ್ಲ. ಆರಿಸುವವರ ಮೇಲೆ ಓದುಗರಿಗೆ ನಂಬಿಕೆಯಿತ್ತು. ಆಯ್ಕೆಯ ಹಿಂದೆ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರಿದ್ದರು. 1961ರಲ್ಲಿ, ಇನ್ನೂ ಇಪ್ಪತ್ಮೂರರ ಹರೆಯದ ಗಿರೀಶ ಕಾರ್ನಾಡರ ‘ಯಯಾತಿ’ ಪ್ರಕಟವಾದದ್ದು ಈ ಮಾಲೆಯಲ್ಲೇ. ಹೆಸರು ಕೇಳಿರದ ಲೇಖಕನ ಪುಸ್ತಕವನ್ನೂ ಓದುಗ ಕೈಗೆತ್ತಿಕೊಳ್ಳುವಂತೆ ಮಾಡುವುದು ಆ ನಂಬಿಕೆ. ಇಂದು ಬಳಗದ ಸಂಚಾಲಕರು ಗಳಿಸಬೇಕಾದದ್ದೂ ಅದನ್ನೇ.

ಮಾತಿಗೆ ಒದಗುವ ಪುಸ್ತಕ

ಹೊಸ ಬಳಗಗಳು ಸಾಮಾನ್ಯವಾಗಿ ‘ಕನ್ನಡದ ಶ್ರೇಷ್ಠ ಕೃತಿಗಳು’ ಎಂಬ ಪಟ್ಟಿ ಹಿಡಿದು ಹೊರಡುತ್ತವೆ. ಶ್ರೇಷ್ಠವಾದದ್ದೆಲ್ಲ ಸಭೆಗೆ ಒದಗುವುದಿಲ್ಲ. ಕೆಲವು ಪುಸ್ತಕಗಳನ್ನು ಓದಿ ಮುಗಿಸಿದವರು ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಇನ್ನು ಕೆಲವು ಪುಸ್ತಕಗಳ ಬಗ್ಗೆ ಎರಡು ಗಂಟೆ ಮಾತಾಡಿದರೂ ತೀರುವುದಿಲ್ಲ. ಬಳಗಕ್ಕೆ ಬೇಕಾದದ್ದು ಈ ಎರಡನೆಯ ಬಗೆ. ಓದಿದವರಲ್ಲಿ ಎರಡು ಅಭಿಪ್ರಾಯ ಹುಟ್ಟಬೇಕು, ಎರಡಕ್ಕೂ ಪುಸ್ತಕದೊಳಗೇ ಆಧಾರ ಸಿಗಬೇಕು.

1998ರಲ್ಲಿ ಅಮೆರಿಕದ ಸಿಯಾಟಲ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ನ್ಯಾನ್ಸಿ ಪರ್ಲ್ ಎಂಬ ಗ್ರಂಥಪಾಲಕಿ ಇಡೀ ನಗರ ಒಂದೇ ಪುಸ್ತಕ ಓದುವ ಯೋಜನೆ ಶುರುಮಾಡಿದರು. ಮುಂದೆ ಬೇರೆ ಬೇರೆ ದೇಶಗಳ ಊರುಗಳಿಗೆ ಹಬ್ಬಿದ ಯೋಜನೆ ಅದು. ಮೊದಲ ವರ್ಷಕ್ಕೆ ಅವರು ಆರಿಸಿದ್ದು ರಸೆಲ್ ಬ್ಯಾಂಕ್ಸ್ ಅವರ ಕಾದಂಬರಿಯನ್ನು. ಶಾಲೆಯ ಬಸ್ಸು ಅಪಘಾತಕ್ಕೀಡಾಗಿ ಮಕ್ಕಳನ್ನು ಕಳೆದುಕೊಂಡ ಪುಟ್ಟ ಊರಿನ ಕಥೆಯನ್ನು ಅದರಲ್ಲಿ ನಾಲ್ವರು ಒಬ್ಬರಾದ ಮೇಲೊಬ್ಬರು ಹೇಳುತ್ತಾರೆ. ಒಂದೇ ದುರಂತ ನಾಲ್ವರಿಗೆ ನಾಲ್ಕು ಥರ ಕಾಣುತ್ತದೆ. ಓದಿದವರಿಗೆ ಐದನೆಯ ಥರ ಹೇಳುವ ಹುಕಿ ಬರುತ್ತದೆ. ಆಯ್ಕೆಯ ಜಾಣತನ ಇರುವುದು ಅಲ್ಲಿ.

ಕನ್ನಡದಲ್ಲಿ ಇಂಥವಕ್ಕೆ ಬರವಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಂದೇ ಸಲಕ್ಕೆ ಕೂತು ಓದಿ ಮುಗಿಸಬಹುದಾದ ಕಿರುಕಾದಂಬರಿ. ದಿಢೀರನೆ ಸಿರಿವಂತರಾದ ಮನೆಯವರು ತಮ್ಮ ಒಗ್ಗಟ್ಟಿಗಾಗಿ ಎಷ್ಟು ದೂರ ಹೋಗಬಲ್ಲರು ಎಂಬ ಬಗ್ಗೆ ಓದುಗರು ಜಗಳಕ್ಕೇ ಬೀಳುತ್ತಾರೆ. ಹೊಸ ಬಳಗದ ಮೊದಲ ತಿಂಗಳಿಗೆ ಇಂಥದ್ದೇ ಹೇಳಿಮಾಡಿಸಿದ್ದು: ನೂರು, ನೂರೈವತ್ತು ಪುಟ, ಮನಸ್ಸಿನಲ್ಲಿ ಬಹುಕಾಲ ಉಳಿಯುವ ಗಟ್ಟಿ ವಸ್ತು.

ತನ್ನ ನೆಲದಿಂದ ಹೊರಟು

ಊರಿನ ಬಳಗ ಮೊದಲು ತನ್ನ ನೆಲದ ಪುಸ್ತಕ ಓದಬೇಕು ಎಂಬುದು ನನ್ನ ಖಚಿತ ನಂಬಿಕೆ. ಊರಭಿಮಾನಕ್ಕಾಗಿ ಹೇಳುತ್ತಿಲ್ಲ. ಗೊತ್ತಿರುವ ನೆಲದ ಪುಸ್ತಕದ ಮುಂದೆ ಎಲ್ಲರೂ ಸರಿಸಮ. ಸಾಹಿತ್ಯದ ಎಂ.ಎ. ಮಾಡಿದವರಿಗಿಂತ ಹೆಚ್ಚಿನದನ್ನು ಅಲ್ಲಿ ಅಡಕೆ ಬೆಳೆಗಾರ ಹೇಳಬಲ್ಲ.

ನಾ. ಡಿಸೋಜರ ‘ದ್ವೀಪ’ ಇದಕ್ಕೆ ಒಳ್ಳೆಯ ಉದಾಹರಣೆ. ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಊರಿಗೆ ಊರೇ ನೀರಿನಡಿ ಹೋದವು. ಮಳೆಗಾಲದಲ್ಲಿ ಏರುವ ಹಿನ್ನೀರು ಗುಡ್ಡವೊಂದನ್ನು ಸುತ್ತುವರಿದು ಅಲ್ಲಿನ ಸಂಸಾರವನ್ನು ಹೊರಜಗತ್ತಿನಿಂದ ಕತ್ತರಿಸಿಬಿಡುವ ಕಥೆ ‘ದ್ವೀಪ’. ಸಾಗರ, ಹೊಸನಗರದ ಕಡೆ ಇದನ್ನು ಚರ್ಚೆಗೆ ಇಟ್ಟರೆ ಮಾತು ಕಾದಂಬರಿಯಲ್ಲೇ ನಿಲ್ಲುವುದಿಲ್ಲ. ಮುಳುಗಿದ ಗದ್ದೆಯ ಹೆಸರು, ಕೊಟ್ಟ ಪರಿಹಾರ, ಎತ್ತಿಕೊಂಡು ಬಂದ ದೇವರು ಎಲ್ಲ ಹೊರಬರುತ್ತವೆ. ಹಿರಿಯರಿಗೆ ಅದು ನೆನಪು, ಕಿರಿಯರಿಗೆ ಗೊತ್ತಿರದ ಚರಿತ್ರೆ. ಅದಾದ ಮೇಲೆ ಗಿರೀಶ ಕಾಸರವಳ್ಳಿಯವರ ‘ದ್ವೀಪ’ ಚಿತ್ರವನ್ನು ಒಟ್ಟಿಗೆ ನೋಡಿದರೆ ಮುಂದಿನ ಸಭೆಗೂ ಮಾತು ಉಳಿಯುತ್ತದೆ.

ಎರಡನೆಯ ಹೆಜ್ಜೆ ನೆರೆಯ ಕನ್ನಡಕ್ಕೆ. ನಂಜನಗೂಡು ಸೀಮೆಯ ಮಾತನ್ನು ಹುಬ್ಬಳ್ಳಿಯವರೂ, ಕಲಬುರಗಿಯ ಮಾತನ್ನು ಕುಂದಾಪುರದವರೂ ಪುಸ್ತಕದಲ್ಲಿ ಓದಲು ತಡವರಿಸುವುದು ಸಹಜ. ಅದಕ್ಕೆ ಮದ್ದು ಗಟ್ಟಿಯಾಗಿ ಓದುವುದು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಕಾಣೆಯಾದ ಹುಂಜಕ್ಕಾಗಿ ಸಾಕವ್ವ ಹಂಬಲಿಸುವುದನ್ನು, ಕದ್ದು ತಂದ ಕಡಲೆಕಾಯಿಯನ್ನು ಹಸಿದ ಮನೆಮಂದಿಯೆಲ್ಲ ರಾತ್ರಿ ಕೂತು ತಿನ್ನುವುದನ್ನು ಆ ಕಡೆಯವರೊಬ್ಬರು ಓದಿ ಕೇಳಿಸಬೇಕು. ಅಚ್ಚಿನಲ್ಲಿ ಬಿಡಿಸಲಾಗದ ಒಗಟಿನಂತಿದ್ದ ಸಾಲು ಕಿವಿಗೆ ಬಿದ್ದೊಡನೆ ತಿಳಿಯಾಗುತ್ತದೆ. ಸಿಪ್ಪೆ ಸುಲಿಯುವ ಆ ರಾತ್ರಿಯ ಸಂಭ್ರಮ, ಬೆನ್ನಿಗೇ ಬರುವ ಪೊಲೀಸರ ಭಯ ಎರಡೂ ಕೋಣೆಯೊಳಕ್ಕೆ ಬರುತ್ತವೆ. ಪ್ರತಿ ಸಭೆಯಲ್ಲೂ ಹತ್ತು ನಿಮಿಷದ ವಾಚನ ಇಡುವುದು ಗಮಕದ ಊರುಗಳಿಂದ ನಾವು ಕಲಿಯಬೇಕಾದ ಪಾಠ. ಓದಿ ಮುಗಿಸದೆ ಬಂದವರಿಗೂ ಇದರಿಂದ ಸಭೆಯಲ್ಲಿ ಜಾಗ ಸಿಗುತ್ತದೆ.

ದಪ್ಪ ಪುಸ್ತಕಕ್ಕೆ ಮಳೆಗಾಲ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ಏಳುನೂರು ಪುಟ ದಾಟುವ ಈ ಕಾದಂಬರಿಯನ್ನು ಎಷ್ಟೋ ಜನ ಕೊಂಡು ಕಪಾಟಿನಲ್ಲಿಟ್ಟಿದ್ದಾರೆ, ಮೊದಲ ನೂರು ಪುಟಕ್ಕೆ ನಿಲ್ಲಿಸಿದ್ದಾರೆ. ಅದರಲ್ಲಿ ಒಬ್ಬನೇ ನಾಯಕನಿಲ್ಲ, ಒಂದೇ ಕಥೆಯಿಲ್ಲ. ಜನ ಬಹಳ, ಮನೆಗಳು ಬಹಳ. ಒಬ್ಬರೇ ಓದಿದರೆ ದಾರಿ ತಪ್ಪುತ್ತದೆ. ಬಳಗ ಇರುವುದೇ ಇಂಥ ಪುಸ್ತಕಕ್ಕೆ.

ಜೂನ್, ಜುಲೈ, ಆಗಸ್ಟ್ ಮೂರು ತಿಂಗಳನ್ನೂ ಅದಕ್ಕೇ ಕೊಡಿ. ದಿನಕ್ಕೆ ಹತ್ತು ಪುಟದಂತೆ ಓದಿದರೂ ನಡುವೆ ಬಿಟ್ಟುಹೋದ ದಿನಗಳನ್ನು ತುಂಬಿಕೊಳ್ಳಲು ಸಮಯ ಉಳಿಯುತ್ತದೆ. ಮೊದಲ ಸಭೆಯಲ್ಲಿ ಗೋಡೆಗೊಂದು ಡ್ರಾಯಿಂಗ್ ಹಾಳೆ ಅಂಟಿಸಿ, ಮನೆತನಗಳನ್ನು ಬರೆಯಿರಿ: ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಕಲ್ಲೂರು. ಯಾರು ಯಾವ ಮನೆಗೆ ಸೇರಿದವರು ಎಂದು ಕೆಳಗೆ ಸೇರಿಸುತ್ತ ಹೋಗಿ. ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ ಜೋಡಿಗಳಿಗೆ ಬೇರೆ ಬೇರೆ ಬಣ್ಣದ ಗೆರೆ ಎಳೆಯಿರಿ. ಗುತ್ತಿಯ ನಾಯಿ ಹುಲಿಯನಿಗೂ ಜಾಗ ಬಿಡಿ. ಮೂರನೆಯ ಸಭೆಯ ಹೊತ್ತಿಗೆ ಹಾಳೆ ತುಂಬುತ್ತದೆ; ಹಿಂದೆ ನೂರು ಪುಟಕ್ಕೆ ಕೈಬಿಟ್ಟವರು ಕೊನೆಯ ಪುಟ ಮುಟ್ಟಿರುತ್ತಾರೆ.

ದಪ್ಪ ಪುಸ್ತಕದ ಹಿಂದೆಯೇ ಇನ್ನೊಂದು ದಪ್ಪ ಪುಸ್ತಕ ಇಡಬಾರದು. ಅದಾದ ತಿಂಗಳು ನಾಲ್ಕೈದು ಸಣ್ಣಕಥೆಗಳು ಸಾಕು. ಕೊಡಗಿನ ಗೌರಮ್ಮನವರ ಕಥೆಗಳಾದರೆ ಒಂದು ಸಂಜೆಗೆ ಒಂದರಂತೆ ಓದಬಹುದು. 1939ರಲ್ಲಿ, ಮೂವತ್ತೂ ತುಂಬುವ ಮೊದಲೇ ತೀರಿಕೊಂಡ ಈ ಲೇಖಕಿ ಆ ಕಾಲದಲ್ಲೇ ಹೆಣ್ಣಿನ ಮನಸ್ಸನ್ನು ಬರೆದ ಧೈರ್ಯಕ್ಕೆ ಇಂದಿನ ಓದುಗರೂ ಬೆರಗಾಗುತ್ತಾರೆ.

ಸವಾಲಿನ ಅಳತೆ

ಹೊಸ ವರ್ಷ ಬಂದರೆ ‘ಈ ವರ್ಷ ಐವತ್ತು ಪುಸ್ತಕ’ ಎಂಬ ಸವಾಲುಗಳು ವಾಟ್ಸಾಪಿನಲ್ಲಿ ಹರಿದಾಡುತ್ತವೆ. ಸಂಖ್ಯೆಯ ಸವಾಲಿನಿಂದ ಪ್ರಯೋಜನವಿಲ್ಲವೆಂದಲ್ಲ. ದಿನಕ್ಕೆ ಹತ್ತು ಪುಟ ಓದಿದರೆ ವರ್ಷಕ್ಕೆ 3,650 ಪುಟ, ಅಂದರೆ ಇನ್ನೂರು ಪುಟದ ಹದಿನೆಂಟು ಪುಸ್ತಕ. ಓದು ತಪ್ಪಿಹೋದವರನ್ನು ಮತ್ತೆ ದಾರಿಗೆ ತರಲು ಈ ಲೆಕ್ಕ ಸಾಕು. ಆದರೆ ಸಂಖ್ಯೆಯ ಬೆನ್ನು ಹತ್ತಿದವರು ತೆಳು ಪುಸ್ತಕಗಳನ್ನೇ ಹುಡುಕತೊಡಗುತ್ತಾರೆ, ರುಚಿ ಗೊತ್ತಿರುವ ಲೇಖಕರನ್ನೇ ಮತ್ತೆ ಮತ್ತೆ ಓದುತ್ತಾರೆ.

ಬಳಗದ ಸವಾಲು ಓದಿನ ಹರವನ್ನು ಹಿಗ್ಗಿಸಬೇಕು. ಕಾದಂಬರಿಯನ್ನಷ್ಟೇ ಓದುವವರು ಒಂದು ನಾಟಕ, ಒಂದು ಆತ್ಮಕಥೆ, ಒಂದು ವಿಜ್ಞಾನ ಬರಹ ಓದಲಿ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ಯಂಥ ಆತ್ಮಕಥನ ಓದದ ಬಳಗಕ್ಕೆ ತನ್ನದೇ ಊರಿನ ಅರ್ಧ ಭಾಗ ಗೊತ್ತಿರುವುದಿಲ್ಲ. ಒಂದು ತಿಂಗಳು ಮನೆಯ ಹಿರಿಯರು ಸೂಚಿಸಿದ್ದನ್ನು, ಇನ್ನೊಂದು ತಿಂಗಳು ಮಕ್ಕಳು ಸೂಚಿಸಿದ್ದನ್ನು ಓದಬಹುದು. ಕನ್ನಡ ಓದಲು ಬಾರದ ಮಕ್ಕಳಿರುವ ಮನೆಗಳಲ್ಲಿ, ಹೊರನಾಡಿನ ಕನ್ನಡ ಸಂಘಗಳಲ್ಲಿ ಅನುವಾದದ ತಿಂಗಳು ಚೆನ್ನಾಗಿ ಕೂಡುತ್ತದೆ. ಬಾನು ಮುಷ್ತಾಕರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದಿತು. ತಾಯಿ ಕನ್ನಡದಲ್ಲಿ, ಮಗಳು ಇಂಗ್ಲಿಷಿನಲ್ಲಿ ಅದೇ ಕಥೆ ಓದಿ ಒಂದೇ ಸಭೆಗೆ ಬರಬಹುದು.

ಸೇರದ ಪುಸ್ತಕವನ್ನು ಕೈಬಿಡುವ ಸ್ವಾತಂತ್ರ್ಯವೂ ಇರಲಿ. ನ್ಯಾನ್ಸಿ ಪರ್ಲ್ ಇದಕ್ಕೊಂದು ನಿಯಮ ಹೇಳಿದ್ದಾರೆ: ಐವತ್ತು ಪುಟ ಓದಿ, ಆಮೇಲೆ ತೀರ್ಮಾನಿಸಿ. ವಯಸ್ಸು ಐವತ್ತು ದಾಟಿದ್ದರೆ ನೂರರಲ್ಲಿ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. ಕೈಬಿಟ್ಟವರು ಏಕೆ ಬಿಟ್ಟೆವೆಂದು ಸಭೆಯಲ್ಲಿ ಹೇಳಲಿ, ಅದೂ ಒಳ್ಳೆಯ ಚರ್ಚೆಯೇ.

ನಾಡು ಸುತ್ತುವ ಒಂದು ವರ್ಷ

ವರ್ಷದ ಸವಾಲಿಗೆ ನಾಡಿನ ನಕ್ಷೆಯೇ ಆಧಾರವಾಗಬಹುದು. ಇಲ್ಲೊಂದು ಮಾದರಿ:

- ಶರಾವತಿ ಕಣಿವೆ: ನಾ. ಡಿಸೋಜ, ‘ದ್ವೀಪ’
- ಸುಬ್ರಹ್ಮಣ್ಯದ ಘಟ್ಟದ ತಪ್ಪಲು: ಶಿವರಾಮ ಕಾರಂತ, ‘ಬೆಟ್ಟದ ಜೀವ’
- ಕಾಸರಗೋಡು: ಸಾರಾ ಅಬೂಬಕ್ಕರ್, ‘ಚಂದ್ರಗಿರಿಯ ತೀರದಲ್ಲಿ’
- ಕೊಡಗು: ಕೊಡಗಿನ ಗೌರಮ್ಮನ ಕಥೆಗಳು
- ಮೂಡಿಗೆರೆ ಸೀಮೆ: ಪೂರ್ಣಚಂದ್ರ ತೇಜಸ್ವಿ, ‘ಕರ್ವಾಲೊ’
- ಮೈಸೂರು ಸೀಮೆ: ದೇವನೂರ ಮಹಾದೇವ, ‘ಒಡಲಾಳ’
- ಹಾಸನ: ಬಾನು ಮುಷ್ತಾಕ್ ಕಥೆಗಳು
- ಬಳ್ಳಾರಿ ಸೀಮೆ: ಕುಂ. ವೀರಭದ್ರಪ್ಪ, ‘ಅರಮನೆ’
- ಕಲಬುರಗಿ: ಗೀತಾ ನಾಗಭೂಷಣ, ‘ಬದುಕು’
- ಉತ್ತರ ಕರ್ನಾಟಕದ ಹಳ್ಳಿ: ರಾವಬಹಾದ್ದೂರ, ‘ಗ್ರಾಮಾಯಣ’
- ಬೆಳಗಾವಿ ಸೀಮೆ: ಚಂದ್ರಶೇಖರ ಕಂಬಾರ, ‘ಕರಿಮಾಯಿ’
- ಮುಂಬೈ: ಯಶವಂತ ಚಿತ್ತಾಲ, ‘ಶಿಕಾರಿ’

ನಿಮ್ಮ ಊರು ಎಲ್ಲಿದೆಯೋ ಅಲ್ಲಿಂದ ಆರಂಭಿಸಿ, ಸುತ್ತು ಹಾಕಿ ಬನ್ನಿ. ‘ಅರಮನೆ’, ‘ಬದುಕು’ ದೊಡ್ಡ ಗಾತ್ರದವು. ಒಂದರ ಹಿಂದೊಂದು ಬರದಂತೆ ನೋಡಿಕೊಳ್ಳಿ, ಎರಡೆರಡು ತಿಂಗಳು ಬೇಕಾದರೆ ಕೊಡಿ.

ಪ್ರತಿ ಸಿಗಬೇಕು

ಪಟ್ಟಿ ಎಷ್ಟೇ ಚೆನ್ನಾಗಿರಲಿ, ಪ್ರತಿ ಸಿಗದಿದ್ದರೆ ಸಭೆಯಿಲ್ಲ. ‘ಸ್ಟಾಕ್ ಇಲ್ಲ’ ಎಂಬ ಉತ್ತರ ಕನ್ನಡ ಓದುಗರಿಗೆ ಚಿರಪರಿಚಿತ. ಆದ್ದರಿಂದ ಮೂರು ತಿಂಗಳು ಮುಂಚೆಯೇ ಪುಸ್ತಕ ಗೊತ್ತುಮಾಡಿ, ಪ್ರಕಾಶಕರಿಗೆ ನೇರವಾಗಿ ಫೋನ್ ಮಾಡಿ. ಒಟ್ಟಾಗಿ ತರಿಸಿದರೆ ರಿಯಾಯಿತಿ ಕೇಳಬಹುದು, ಅಂಚೆ ವೆಚ್ಚವೂ ಹಂಚಿಹೋಗುತ್ತದೆ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ, ‘ಅರಿವು ಕೇಂದ್ರ’ ಎಂದು ಹೆಸರು ಬದಲಿಸಿಕೊಂಡಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಇರುವ ಪ್ರತಿಗಳನ್ನು ಮೊದಲೇ ವಿಚಾರಿಸಿ. ಮೈಲ್ಯಾಂಗ್, ಋತುಮಾನದಂಥ ಕಡೆ ಕನ್ನಡದ ಇ–ಪುಸ್ತಕಗಳು ಸಿಗುತ್ತವೆ. ಕಣ್ಣು ಮಂಜಾದವರಿಗೆ ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿ ಓದುವ ಅನುಕೂಲ, ಬಸ್ಸಿನಲ್ಲಿ ಓಡಾಡುವವರಿಗೆ ಕೇಳುಪುಸ್ತಕ.

ಮೂರು ಕಟ್ಟುಪಾಡು ಮಾತ್ರ ಬಿಗಿಯಾಗಿರಲಿ. ಪುಸ್ತಕ ಆರಿಸುವ ಸರದಿ ತಿಂಗಳಿಗೊಬ್ಬರಂತೆ ಎಲ್ಲರಿಗೂ ಬರಬೇಕು. ತಾನು ಬರೆದ ಪುಸ್ತಕವನ್ನು ತಾನೇ ಆರಿಸುವಂತಿಲ್ಲ. ವೇದಿಕೆ, ಹಾರ, ಶಾಲು ಬೇಡ. ಸನ್ಮಾನ ಶುರುವಾದರೆ ಭಾಷಣ ಬೆಳೆದು ಓದು ಹಿಂದೆ ಸರಿಯುತ್ತದೆ.

ಕನ್ನಡದಲ್ಲಿ ಒಂದು ಪುಸ್ತಕದ ಮೊದಲ ಮುದ್ರಣ ಸಾಮಾನ್ಯವಾಗಿ ಸಾವಿರ ಪ್ರತಿ, ಎಷ್ಟೋ ಸಲ ಐನೂರೇ. ಇಪ್ಪತ್ತು ಜನರ ಬಳಗ ಒಂದು ಪುಸ್ತಕ ತರಿಸಿದರೆ ಸಾವಿರ ಪ್ರತಿಗಳಲ್ಲಿ ನೂರಕ್ಕೆ ಎರಡರಷ್ಟು ಅದೊಂದೇ ಊರಿಗೆ ಬಂದಂತಾಯಿತು. ಇಂಥ ಮೂವತ್ತು ಬಳಗಗಳು ಮಾತಾಡಿಕೊಂಡು, ಮುದ್ರಣದಲ್ಲಿಲ್ಲದ ಒಂದೇ ಕಾದಂಬರಿಯನ್ನು ವರ್ಷದ ಪಟ್ಟಿಗೆ ಸೇರಿಸಿದರೆ ಆರುನೂರು ಪ್ರತಿಗಳ ಬೇಡಿಕೆ ಹುಟ್ಟುತ್ತದೆ. ಪ್ರಕಾಶಕರು ಮರುಮುದ್ರಣಕ್ಕೆ ಮುಂದಾಗಲು ಅಷ್ಟು ಸಾಕು. ಯಾವ ಪುಸ್ತಕ ಉಳಿಯಬೇಕೆಂದು ಗೊತ್ತುಮಾಡುವ ಅಧಿಕಾರ ಓದುಗರ ಕೈಯಲ್ಲೇ ಇದೆ, ಅದನ್ನು ಕೂಡಿ ಬಳಸಬೇಕಷ್ಟೇ.