ಪಂಪ್ ಹಿಡಿಯುವುದನ್ನು ಕಲಿಸುವ ಮೇಷ್ಟ್ರು

ದಮ್ಮಿನ ರೋಗಿಗೆ ವೈದ್ಯರು ಪಂಪ್ (ಇನ್‌ಹೇಲರ್) ಬರೆದುಕೊಟ್ಟರೆ ಚಿಕಿತ್ಸೆ ಅರ್ಧ ಮುಗಿದಂತೆ. ಉಳಿದರ್ಧ ರೋಗಿಯ ಕೈಯಲ್ಲಿದೆ. ಔಷಧದ ಕಣ ಸುಮಾರು 1ರಿಂದ 5 ಮೈಕ್ರಾನ್ ಗಾತ್ರದಲ್ಲಿದ್ದರೆ ಶ್ವಾಸಕೋಶದ ಒಳಗವಲುಗಳಿಗೆ ಇಳಿಯುತ್ತದೆ. ಅದಕ್ಕಿಂತ ದಪ್ಪವಾದದ್ದು ಹೆಚ್ಚಾಗಿ ಬಾಯಿ, ಗಂಟಲಲ್ಲೇ ಅಂಟಿಕೊಳ್ಳುತ್ತದೆ. ಎಳೆದುಕೊಳ್ಳುವ ಕ್ರಮ ತಪ್ಪಿದರೂ ಅದೇ ಗತಿ. ಒತ್ತಿದಾಗ ಚಿಮ್ಮುವ ಪಂಪ್‌ಗೆ ನಿಧಾನವಾದ, ಆಳವಾದ ಉಸಿರು ಬೇಕು. ಕ್ಯಾಪ್ಸೂಲ್ ಹಾಕಿ ಪುಡಿ ಎಳೆಯುವ ಸಾಧನಕ್ಕೆ ಜೋರಾದ ಉಸಿರು ಬೇಕು. ಎರಡರಲ್ಲೂ ಆಮೇಲೆ 10 ಸೆಕೆಂಡಿನಷ್ಟು ಉಸಿರು ಬಿಗಿಹಿಡಿಯಬೇಕು. ಸ್ಟೀರಾಯ್ಡ್ ಔಷಧವಾದರೆ ಬಾಯಿ ಮುಕ್ಕಳಿಸಿ ಉಗಿಯಬೇಕು.

ಔಷಧ ಡಬ್ಬಿಯಿಂದ ಹೊರಟು ರೋಗಿಯ ಶ್ವಾಸಕೋಶ ಮುಟ್ಟುವವರೆಗಿನ ಈ ಹಾದಿಯಲ್ಲಿ ಫಾರ್ಮಸಿ ಅಧ್ಯಾಪಕರಿಗೆ ಸಂಶೋಧನೆಯ ಕೆಲಸ ಬೇಕಾದಷ್ಟಿದೆ.

ಓದಿನ ಮೆಟ್ಟಿಲುಗಳು

ಇಂಥ ಅಧ್ಯಾಪಕರಾಗುವುದು ಹೇಗೆ? ಶಿವಮೊಗ್ಗದ ರಾಗಿಗುಡ್ಡದ ಹುಡುಗಿಯೊಬ್ಬಳು ವಿಜ್ಞಾನದಲ್ಲಿ ಪಿಯುಸಿ ಮುಗಿಸಿದಳು ಎನ್ನಿ. ಅವಳ ಮುಂದೆ 2 ವರ್ಷದ ಡಿ.ಫಾರ್ಮಾ, 4 ವರ್ಷದ ಬಿ.ಫಾರ್ಮಾ, 6 ವರ್ಷದ ಫಾರ್ಮ್.ಡಿ. ಹೀಗೆ ದಾರಿಗಳಿವೆ. ಊರಲ್ಲೇ ನ್ಯಾಷನಲ್ ಕಾಲೇಜ್ ಆಫ್ ಫಾರ್ಮಸಿ ಇದೆ. ಫಾರ್ಮ್.ಡಿ. ನಮ್ಮ ದೇಶಕ್ಕೆ ಬಂದದ್ದು 2008ರಲ್ಲಿ. ಅದರ ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯ ವಾರ್ಡಿನಲ್ಲೇ ಕಳೆಯುತ್ತದೆ. ಬಿ.ಫಾರ್ಮಾ ಓದಿದವರು 2 ವರ್ಷದ ಎಂ.ಫಾರ್ಮಾ ಮಾಡಿ ಸಹಾಯಕ ಪ್ರಾಧ್ಯಾಪಕರಾಗಬಹುದು. ಅಲ್ಲಿಂದ ಮೇಲೇರಲು ಪಿಎಚ್‌.ಡಿ. ಬೇಕು. ಪಿಎಚ್‌.ಡಿ.ಗೆ ಬೇಕಾಗುವುದು ಒಂದು ಗಟ್ಟಿ ಪ್ರಶ್ನೆ.

ಪ್ರಶ್ನೆ ಎಲ್ಲಿ ಸಿಗುತ್ತದೆ?

ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಅದು ಒಲೆಯ ಮುಂದೆ ಸಿಕ್ಕಿತು. ಸೌದೆ ಒಲೆಯ ಹೊಗೆ ಕುಡಿದ ಹೆಂಗಸರ ಬಗ್ಗೆ ಅಲ್ಲಿ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಲೆಕ್ಕ ಸರಳ: ದಿನಕ್ಕೆ ಎಷ್ಟು ಗಂಟೆ ಅಡುಗೆ, ಅದನ್ನು ಎಷ್ಟು ವರ್ಷದಿಂದ, ಎರಡನ್ನೂ ಗುಣಿಸುವುದು. ಗುಣಲಬ್ಧ 60 ಮುಟ್ಟಿದ ಮೇಲೆ ದೀರ್ಘಕಾಲದ ಕೆಮ್ಮು-ಕಫದ ಕಾಯಿಲೆಯ ನಂಟು ಸ್ಪಷ್ಟವಾಗಿ ಕಂಡಿತು. ದಿನಕ್ಕೆ 3 ಗಂಟೆಯಂತೆ 20 ವರ್ಷ ಅಡುಗೆ ಮಾಡಿದವಳು ಆ ಗಡಿ ಮುಟ್ಟಿರುತ್ತಾಳೆ. ಬೀಡಿ ಸೇದದವಳಿಗೂ ಕೆಮ್ಮು-ಕಫ ಏಕೆ ಎಂಬುದಕ್ಕೆ ಇದು ಒಂದು ಉತ್ತರ.

ಮಲೆನಾಡಿನ ಬಚ್ಚಲೊಲೆಗೂ ಇದೇ ಪ್ರಶ್ನೆ ಕೇಳಬಹುದು. ಭದ್ರಾವತಿಯಲ್ಲಿ ಪ್ರಶ್ನೆ ಇನ್ನಷ್ಟು ಸಿಕ್ಕು: 1923ರಲ್ಲಿ ಕಬ್ಬಿಣ ಕರಗಿಸಲು ಆರಂಭಿಸಿದ ಊರು ಅದು. ಕಾರ್ಖಾನೆಯಿಂದ ನಿವೃತ್ತನಾದವನ ಕೆಮ್ಮಿನಲ್ಲಿ ಕುಲುಮೆಯ ಧೂಳಿನ ಪಾಲೆಷ್ಟು, ಬೀಡಿಯ ಪಾಲೆಷ್ಟು, ಮನೆಯ ಒಲೆಯ ಪಾಲೆಷ್ಟು? ಮೂರನ್ನೂ ಬಿಡಿಸದೆ ಕಾರಣ ಹೇಳುವಂತಿಲ್ಲ.

ಪಾಠವೇ ಪ್ರಯೋಗ

ಕಾರಣ ತಿಳಿದ ಮೇಲೂ ಔಷಧ ಒಳಗೆ ಹೋಗಬೇಕಲ್ಲ. ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇದನ್ನು ಅಳೆಯಬಹುದು. ಪಂಪ್ ಬಳಸುವ ಹಂತಗಳನ್ನು ಪಟ್ಟಿ ಮಾಡಿ, ರೋಗಿ ಮಾಡಿ ತೋರಿಸಿದ ಪ್ರತಿ ಹಂತಕ್ಕೂ ಅಂಕ ಕೊಡುವುದು. ತಪ್ಪು ತಿದ್ದಿ ಮತ್ತೆ ಮಾಡಿಸುವುದು. ಕೆಲವು ವಾರ ಬಿಟ್ಟು ಮತ್ತೆ ಅಂಕ ಹಾಕುವುದು. ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯನ್ನೂ ಜೊತೆಗಿಟ್ಟು ಹೋಲಿಸುವುದು. ಇಂಥ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು: ಕಲಿಸಿದ ದಿನ ಅಂಕ ಏರುತ್ತದೆ, ತಿಂಗಳುಗಳು ಕಳೆದಂತೆ ಇಳಿಯುತ್ತದೆ.

ಇಲ್ಲಿ ಅಳೆಯುತ್ತಿರುವುದು ಮೇಷ್ಟ್ರ ಪಾಠವನ್ನೇ. ಹೀಗಾಗಿ ಈ ವೃತ್ತಿಯಲ್ಲಿ ಬೋಧನೆ ಬೇರೆ, ಸಂಶೋಧನೆ ಬೇರೆ ಎಂಬ ಗೆರೆ ತೆಳುವಾಗಿದೆ. ನೀವೂ ಪಂಪ್ ಬಳಸುವವರಾದರೆ ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅದನ್ನು ಜೊತೆಗೊಯ್ಯಿರಿ. ಫಾರ್ಮಸಿಸ್ಟರ ಎದುರು ಒಮ್ಮೆ ಎಳೆದು ತೋರಿಸಿ.