ಫಿಲ್ಟರ್ ಕೊಳ್ಳೋ ಮುಂಚೆ ಮೈಕ್ರಾನ್ ನೋಡಿ!

ಕುಮಾರ ಪರ್ವತದ ತೊರೆ ನೀರು ಎಷ್ಟೇ ತಿಳಿಯಾಗಿದ್ರೂ ರೋಗಾಣು ಕಣ್ಣಿಗೆ ಕಾಣಲ್ಲ. ಹಾಗಾದ್ರೆ ಚಾರಣಕ್ಕೆ, ನೆರೆಗೆ ಯಾವ ಫಿಲ್ಟರ್?

ಮೊದಲು ಮೈಕ್ರಾನ್ ಅಂಕಿ, ಅಂದ್ರೆ ಫಿಲ್ಟರ್ ರಂಧ್ರದ ಗಾತ್ರ ನೋಡಿ. 0.1 ಇದ್ರೆ ಟೈಫಾಯ್ಡ್, ಕಾಲರಾ ಬ್ಯಾಕ್ಟೀರಿಯಾಗಳಿಗೆ, ಜಿಯಾರ್ಡಿಯಾ ಪರಾವಲಂಬಿಗೆ ಅಲ್ಲೇ ತಡೆ. ಆದ್ರೆ ಹೆಪಟೈಟಿಸ್ ಎ ವೈರಸ್ ಸುಮಾರು 0.03 ಮೈಕ್ರಾನ್, ಸಲೀಸಾಗಿ ನುಸುಳುತ್ತೆ.

ಅದಕ್ಕೇ ನೆರೆ ಬಂದಾಗ ಮೂರು ಹಂತ: ಬಟ್ಟೆಯಲ್ಲಿ ಸೋಸಿ, ಫಿಲ್ಟರ್ ಮಾಡಿ, ಆಮೇಲೆ ಕ್ಲೋರಿನ್ ಮಾತ್ರೆ ಹಾಕಿ 30 ನಿಮಿಷ ಬಿಡಿ, ಇಲ್ಲಾ ಕುದಿಸಿ.

ಒಬ್ಬರಿಗೆ ಸ್ಟ್ರಾ ಫಿಲ್ಟರ್ ಸಾಕು. ಮನೆಮಂದಿಗೆ ನೇತುಹಾಕೋ ಚೀಲದ ಫಿಲ್ಟರ್ ವಾಸಿ.

ಕೀಟನಾಶಕ, ಉಪ್ಪು ಈ ಫಿಲ್ಟರ್‌ಗಳಿಂದ ಹೋಗಲ್ಲ. ತೋಟದಿಂದ ಹರಿದು ಬರೋ ನೀರು ಬೇಡ.

ಹಿಮಾಲಯಕ್ಕೆ ಹೊರಟ್ರಾ? ಒದ್ದೆ ಫಿಲ್ಟರ್ ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗಿರಲಿ. ಹೆಪ್ಪುಗಟ್ಟಿದ್ರೆ ಒಳಗಿನ ಎಳೆಗಳು ಸೀಳಬಹುದು. ಅನುಮಾನ ಬಂದ್ರೆ ಬದಲಾಯಿಸಿ!