ಅಣ್ಣ, ತಮ್ಮ, ಅಕ್ಕ, ತಂಗಿ: ನಿಮಗಿದು ಗೊತ್ತೇ?

ಇಂಗ್ಲಿಷ್ ಕಥೆಯಲ್ಲಿ ಬರೀ ‘ಬ್ರದರ್’ ಎಂದಿದ್ದರೆ ಕನ್ನಡಕ್ಕೆ ತರುವವರು ಪೇಚಿಗೆ ಸಿಲುಕುತ್ತಾರೆ. ಅಣ್ಣನೋ, ತಮ್ಮನೋ? ಹಿರಿಯ ಯಾರು, ಕಿರಿಯ ಯಾರು ಎಂದು ತಿಳಿಯದೆ ನಮ್ಮಲ್ಲಿ ಮಾತು ಮುಂದೆ ಸಾಗುವುದಿಲ್ಲ. ಅವಳಿ ಮಕ್ಕಳಲ್ಲೂ ಐದು ನಿಮಿಷ ಮೊದಲು ಹುಟ್ಟಿದವನು ಅಣ್ಣನೇ. ಬೇರೆ ಭಾಷೆಗಳು ಬೇರೆಯದನ್ನೇ ವಿಚಾರಿಸುತ್ತವೆ.

• ಥಾಯ್ ಭಾಷೆಗೆ ವಯಸ್ಸೊಂದು ಗೊತ್ತಾದರೆ ಸಾಕು. ಹಿರಿಯರು ‘ಪೀ’, ಕಿರಿಯರು ‘ನೊಂಗ್’. ಗಂಡೋ ಹೆಣ್ಣೋ ಎಂದು ಹೇಳಲೇಬೇಕಾದರೆ ಇನ್ನೊಂದು ಪದ ಸೇರಿಸುತ್ತಾರೆ.

• ಕೊರಿಯಾದಲ್ಲಿ ಕರೆಯುತ್ತಿರುವವರು ಯಾರು ಎಂಬುದೂ ಮುಖ್ಯ. ಅಣ್ಣನನ್ನು ತಮ್ಮ ‘ಹ್ಯೊಂಗ್’ ಎನ್ನುತ್ತಾನೆ, ತಂಗಿ ‘ಒಪ್ಪಾ’ ಎನ್ನುತ್ತಾಳೆ. ಅಕ್ಕ ತಮ್ಮನಿಗೆ ‘ನೂನಾ’, ತಂಗಿಗೆ ‘ಒನ್ನಿ’. ಕೊರಿಯನ್ ಧಾರಾವಾಹಿ ನೋಡುವ ನಮ್ಮ ಮಕ್ಕಳಿಗೆ ಇದೆಲ್ಲ ಬಾಯಿಪಾಠ. ‘ಒಪ್ಪಾ’, ‘ಒನ್ನಿ’ ಎರಡನ್ನೂ 2021ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಸೇರಿಸಿಕೊಂಡಿತು.

• ಸ್ಪೇನ್–ಫ್ರಾನ್ಸ್ ಗಡಿಯ ಬಾಸ್ಕ್ ಭಾಷೆಯಲ್ಲಿ ವಯಸ್ಸು ಲೆಕ್ಕಕ್ಕೇ ಇಲ್ಲ. ಹುಡುಗ ತನ್ನ ಸೋದರನನ್ನು ‘ಅನಾಯಾ’ ಎಂದರೆ, ಹುಡುಗಿ ‘ನೆಬಾ’ ಎನ್ನುತ್ತಾಳೆ. ಸೋದರಿಗೂ ಹಾಗೆಯೇ ಎರಡು ಪದ: ಅವನಿಗೆ ‘ಅರ್ರೆಬಾ’, ಅವಳಿಗೆ ‘ಅಹಿಸ್ಪಾ’.

• ಒಡಹುಟ್ಟಿದವರು ಹಿರಿಯರೋ ಕಿರಿಯರೋ, ಗಂಡೋ ಹೆಣ್ಣೋ, ಹೇಳುವವರು ಗಂಡೋ ಹೆಣ್ಣೋ: ಈ ಮೂರೇ ಪ್ರಶ್ನೆಗಳಿಂದ ಎಂಟು ಬಗೆಯ ಸಂಬಂಧಗಳಾಗುತ್ತವೆ. ಈ ಎಂಟನ್ನು ಬೇರೆ ಬೇರೆ ಗುಂಪು ಮಾಡಿ ಹೆಸರಿಡಲು ಗಣಿತದ ಪ್ರಕಾರ 4,140 ದಾರಿಗಳಿವೆ. ಮನುಷ್ಯರು ನಿಜವಾಗಿ ಹಿಡಿದಿರುವುದು ಅದರಲ್ಲಿ ಕೆಲವನ್ನು ಮಾತ್ರ. ಇಷ್ಟು ದೂರದೂರದ ಜನ ಮತ್ತೆ ಮತ್ತೆ ಅವೇ ಕೆಲವು ದಾರಿಗಳಲ್ಲಿ ನಡೆದಿರುವುದು ನನಗಂತೂ ಬೆರಗಿನ ಸಂಗತಿ.

• ‘ಸಹೋದರ’ ಎಂದರೆ ಒಂದೇ ಉದರದಿಂದ ಬಂದವನು. ಗ್ರೀಕರ ‘ಅಡೆಲ್ಫೋಸ್’ ಕೂಡ ‘ಒಂದೇ ಗರ್ಭದವನು’ ಎಂದೇ. ತುರ್ಕಿಯವರ ‘ಕಾರ್ದೆಶ್’ ಹುಟ್ಟಿದ್ದು ಹೊಟ್ಟೆ ಎಂಬ ಅರ್ಥದ ‘ಕರಿನ್’ನಿಂದ. ಹಂಗೇರಿಯವರ ‘ಟೆಷ್ಟ್‌ವೇರ್’ನಲ್ಲಿ ಮೈಯೂ ಇದೆ, ರಕ್ತವೂ ಇದೆ.

• ಚಿಕ್ಕಪ್ಪ–ದೊಡ್ಡಪ್ಪನ ಮಕ್ಕಳು, ಚಿಕ್ಕಮ್ಮ–ದೊಡ್ಡಮ್ಮನ ಮಕ್ಕಳು ನಮಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು. ಸೋದರಮಾವನ, ಸೋದರತ್ತೆಯ ಮಕ್ಕಳು ಹಾಗಲ್ಲ. ಅವರು ಭಾವ, ಭಾಮೈದ, ಅತ್ತಿಗೆ, ನಾದಿನಿ. ಮದುವೆಯ ವರಸೆ ಕೂಡಿಬರುವುದು ಅವರೊಡನೆಯೇ. ಅಮೆರಿಕದ ವಕೀಲ ಲೂಯಿಸ್ ಹೆನ್ರಿ ಮಾರ್ಗನ್ ನ್ಯೂಯಾರ್ಕ್ ಸೀಮೆಯ ಮೂಲನಿವಾಸಿ ಸೆನೆಕಾ ಜನರಲ್ಲಿ ಇಂಥದೇ ವಿಂಗಡಣೆ ಕಂಡರು. ತಮಿಳು ಮತ್ತಿತರ ದ್ರಾವಿಡ ಭಾಷೆಗಳ ನೆಂಟಸ್ತಿಕೆಯ ಪದಗಳನ್ನು ತರಿಸಿ ಹೋಲಿಸಿ, 1871ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದರು. ಮಾನವಶಾಸ್ತ್ರದಲ್ಲಿ ಬಂಧುತ್ವದ ಅಧ್ಯಯನಕ್ಕೆ ಅದೇ ಬುನಾದಿ. ಇವತ್ತು ನಾವು ಎಲ್ಲರನ್ನೂ ‘ಕಸಿನ್’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಯಾರು ಯಾವ ಕಡೆಯವರು ಎಂದು ಕರೆದಾಕ್ಷಣ ತಿಳಿಸುತ್ತಿದ್ದ ಪದಗಳನ್ನು ಹೀಗೆ ಕೈಬಿಡುತ್ತಿರುವುದು ನನಗೆ ಸಂಕಟದ ವಿಷಯ.

• ಅಣ್ಣ ಎಂದರೆ ಅಪ್ಪನೂ ಆಗಬಹುದು. ಕನ್ನಡದ ಎಷ್ಟೋ ಮನೆಗಳಲ್ಲಿ ತಂದೆಯನ್ನು ‘ಅಣ್ಣ’ ಎಂದೇ ಕರೆಯುವ ರೂಢಿಯಿತ್ತು. ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’ ಓದದವರು, ಅದು ಅವರ ತಂದೆ ಕುವೆಂಪು ಅವರನ್ನು ಕುರಿತ ಪುಸ್ತಕವೆಂದು ಹೆಸರಿನಿಂದಲೇ ಊಹಿಸುವುದು ಕಷ್ಟ.

• ತುಳುವಿನಲ್ಲಿ ತಮ್ಮ ‘ಮೆಗ್ಯೆ’, ತಂಗಿ ‘ಮೆಗ್ದಿ’. ಮಲಯಾಳಿಗಳ ‘ಚೇಟ್ಟನ್’ ಸಂಸ್ಕೃತದ ‘ಜ್ಯೇಷ್ಠ’ನಿಂದ ಬಂದವನು.

• ಸಿಂಹಳ ದ್ರಾವಿಡ ಭಾಷೆಯಲ್ಲ. ಆದರೂ ಶ್ರೀಲಂಕಾದ ಸಿಂಹಳೀಯರ ಮನೆಯಲ್ಲಿ ಅಕ್ಕ ‘ಅಕ್ಕಾ’ ಎಂದೇ ಕರೆಸಿಕೊಳ್ಳುತ್ತಾಳೆ. ತಂಗಿ ‘ನಂಗಿ’, ತಮ್ಮ ‘ಮಲ್ಲಿ’, ಅಣ್ಣ ‘ಅಯ್ಯಾ’.

• ಮರಾಠಿ, ಬಂಗಾಳಿಗಳಲ್ಲಿ ‘ದಾದಾ’ ಅಣ್ಣ. ಹಿಂದಿಯಲ್ಲಿ ಅಪ್ಪನ ಅಪ್ಪ. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ಸೋದರಿ! ಉತ್ತರ ಕರ್ನಾಟಕದ ಮನೆಗಳಲ್ಲಿ ಚಿಕ್ಕಪ್ಪನಾದ ‘ಕಾಕಾ’ ಸ್ವಾಹಿಲಿಯವರಿಗೆ ಸೋದರ.

• ವಿಯೆಟ್ನಾಂನಲ್ಲಿ ‘ಆನ್’ ಎಂದರೆ ಅಣ್ಣ, ‘ಎಮ್’ ಎಂದರೆ ತಮ್ಮ ಅಥವಾ ತಂಗಿ. ಗಂಡ ಹೆಂಡತಿ ಪರಸ್ಪರ ‘ನಾನು’, ‘ನೀನು’ ಎನ್ನಲು ಬಳಸುವುದೂ ಇವೇ ಎರಡು ಪದಗಳನ್ನು. ಆ ದೇಶದ ದಕ್ಷಿಣ ಭಾಗದಲ್ಲಿ ಮಕ್ಕಳನ್ನು ಹುಟ್ಟಿದ ಕ್ರಮದ ಸಂಖ್ಯೆಯಿಂದ ಕರೆಯುತ್ತಾರೆ, ಆದರೆ ಎಣಿಕೆ ಶುರುವಾಗುವುದು ಎರಡರಿಂದ. ಚೊಚ್ಚಲ ಮಗ ‘ಆನ್ ಹಾಯ್’, ಅಂದರೆ ಎರಡನೇ ಅಣ್ಣ. ಒಂದನೇ ಅಣ್ಣ ಎನ್ನಿಸಿಕೊಳ್ಳುವವರು ಅಲ್ಲಿ ಯಾರೂ ಇಲ್ಲ.